ದನಿ ನುಸುಳಿದಲ್ಲಿ ಹೊಗೆಯೂ ನುಸುಳುತ್ತದೆ

1895. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ. ಊರೆಲ್ಲ ಮಲಗಿದ ಮೇಲೆ ಇಪ್ಪತ್ತೇಳರ ಹರೆಯದ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಸ್ಯಾಂಡರ್ಸ್ ನಾಟಕಶಾಲೆಯ ಆಸನದ ಮೆತ್ತೆಗಳನ್ನು ಪಕ್ಕದ ಕಟ್ಟಡಕ್ಕೆ ಹೊರಿಸುತ್ತಿದ್ದಾರೆ! ಬೆಳಗಾಗುವುದರೊಳಗೆ ಅಷ್ಟೂ ಮೆತ್ತೆ ಮರಳಿ ತಮ್ಮ ಜಾಗಕ್ಕೆ ಸೇರಬೇಕು. ಅವರ ಹೆಸರು ವಾಲೇಸ್ ಸ್ಯಾಬಿನ್. ಹೊಸದಾಗಿ ಕಟ್ಟಿದ ಫಾಗ್ ಉಪನ್ಯಾಸ ಸಭಾಂಗಣದಲ್ಲಿ ಪಾಠ ಮಾಡಿದರೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆಡಿದ ಮಾತು ಐದೂವರೆ ಸೆಕೆಂಡು ಗೋಡೆಯಿಂದ ಗೋಡೆಗೆ ಹಾಯುತ್ತ ಉಳಿಯುತ್ತಿತ್ತು, ಅಷ್ಟರಲ್ಲಿ ಮುಂದಿನ ವಾಕ್ಯ ಬಂದು ಅದರ ಮೇಲೆ ಬೀಳುತ್ತಿತ್ತು.

ಸ್ಯಾಬಿನ್ ಬಳಿ ಇದ್ದದ್ದು 512 ಹರ್ಟ್ಸ್ ಸ್ವರ ಹೊರಡಿಸುವ ಒಂದು ಆರ್ಗನ್ ಕೊಳವೆ, ಒಂದು ಸ್ಟಾಪ್‌ವಾಚ್, ತನ್ನದೇ ಕಿವಿ. ಕೊಳವೆ ಊದಿಸಿ ನಿಲ್ಲಿಸುವುದು, ದನಿ ಪೂರ್ತಿ ಅಡಗುವವರೆಗೆ ಕಾಯುವುದು, ಇನ್ನಷ್ಟು ಮೆತ್ತೆ ಹಾಸುವುದು, ಮತ್ತೆ ಊದಿಸುವುದು. ಮೆತ್ತೆಗಳೆಲ್ಲ ಬಂದು ಬಿದ್ದಾಗ ಐದೂವರೆ ಸೆಕೆಂಡು ಒಂದು ಚಿಲ್ಲರೆಗೆ ಇಳಿದಿತ್ತು. ಅಲ್ಲಿಂದ ಹುಟ್ಟಿದ್ದು ಇವತ್ತಿಗೂ ಎಂಜಿನಿಯರುಗಳು ಬಳಸುವ ಸೂತ್ರ. ಕೋಣೆಯ ಗಾತ್ರವನ್ನು ಅದರೊಳಗಿನ ದನಿ ಹೀರುವ ಶಕ್ತಿಯಿಂದ ಭಾಗಿಸಿ 0.16ರಿಂದ ಗುಣಿಸಿದರೆ ದನಿ ಎಷ್ಟು ಸೆಕೆಂಡು ಉಳಿಯುತ್ತದೆಂದು ಸಿಕ್ಕಿಬಿಡುತ್ತದೆ. ಹೀರುವ ಶಕ್ತಿಗೆ ಅವರು ಆರಿಸಿಕೊಂಡ ಮಾನ ಯಾವುದು ಗೊತ್ತೇ? ತೆರೆದ ಕಿಟಕಿ! ಹೊರಗೆ ಹೋದ ದನಿ ಮರಳುವುದಿಲ್ಲವಲ್ಲ. ಈ ಲೆಕ್ಕ ಇಟ್ಟುಕೊಂಡೇ 1900ರಲ್ಲಿ ಬಾಸ್ಟನ್ ಸಿಂಫನಿ ಹಾಲ್ ಎದ್ದಿತು.

ಇದಕ್ಕೂ ಬೆಂಕಿಗೂ ಏನು ಸಂಬಂಧ? ನಾನೂ ಸಂಗೀತದ ಕಥೆ ಎಂದೇ ಓದಲು ಹೊರಟವನು. ಆದರೆ ಎಳೆ ಹಿಡಿದು ಎಳೆದಷ್ಟೂ ಬೆಂಕಿಯೇ ಕೈಗೆ ಸಿಗತೊಡಗಿತು.

ಬೆಂಕಿ ಎಂಜಿನಿಯರುಗಳು ಅಪಾಯವನ್ನು ಅಳೆಯುವುದು ಎರಡು ಗಡಿಯಾರ ಹಿಡಿದು. ಹೊಗೆ ಉಸಿರು ಕಟ್ಟಿಸುವ ಮೊದಲು ಸಿಗುವ ಸಮಯ ಒಂದು, ಜನ ಹೊರಬೀಳಲು ಬೇಕಾಗುವ ಸಮಯ ಇನ್ನೊಂದು. ಮೊದಲನೆಯದು ಎರಡನೆಯದಕ್ಕಿಂತ ಸಾಕಷ್ಟು ದೊಡ್ಡದಿರಬೇಕು, ಅಷ್ಟೇ. ಎರಡನೆಯ ಗಡಿಯಾರವನ್ನು ತಿನ್ನುವುದು ಮೆಟ್ಟಿಲ ಅಗಲ, ಬಾಗಿಲ ದೂರ ಮಾತ್ರ ಅಂದುಕೊಂಡಿದ್ದೀರಾ? ಜನ ಎದ್ದು ಹೊರಡುವುದಕ್ಕೇ ಎಷ್ಟೋ ಹೊತ್ತು ಹಿಡಿಯುತ್ತದೆ!

ಮನೋವಿಜ್ಞಾನಿಗಳಾದ ಲಟಾನೆ ಮತ್ತು ಡಾರ್ಲಿ 1968ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಕೋಣೆಯಲ್ಲಿ ಕೂತು ಪ್ರಶ್ನಾವಳಿ ತುಂಬುತ್ತಿದ್ದವರ ಮೇಲೆ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ ನೂರಕ್ಕೆ 75 ಮಂದಿ ಎದ್ದು ಹೋಗಿ ತಿಳಿಸಿದರು. ಏನೂ ಆಗಿಲ್ಲವೆಂಬಂತೆ ನಟಿಸುವ ಇಬ್ಬರು ಅಪರಿಚಿತರು ಪಕ್ಕದಲ್ಲಿದ್ದಾಗ? ನೂರಕ್ಕೆ ಹತ್ತು! ಉಳಿದವರು ಹೊಗೆ ಕೈಯಲ್ಲಿ ಸರಿಸುತ್ತ, ಕೆಮ್ಮುತ್ತ ಬರೆಯುತ್ತಲೇ ಇದ್ದರು.

ಇಂಥ ನಮ್ಮನ್ನು ಎಬ್ಬಿಸುವುದು ಹೇಗೆ? ಗಂಟೆಯಿಂದಲ್ಲ, ಮಾತಿನಿಂದ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ನೆಲದಡಿಯ ಮೆಟ್ರೋ ನಿಲ್ದಾಣದಲ್ಲಿ ಪ್ರೂ ಮತ್ತು ಸೈಮ್ ಎಂಬ ಸಂಶೋಧಕರು ಅಣಕು ಪರೀಕ್ಷೆ ನಡೆಸಿ 1991ರಲ್ಲಿ ಬರೆದರು. ಬರೀ ಗಂಟೆ ಬಾರಿಸಿದಾಗ ಸುಮಾರು ಕಾಲು ಗಂಟೆ ಕಳೆಯಿತು. ಏನಾಗಿದೆ, ಯಾವ ಕಡೆ ಹೋಗಬೇಕು ಎಂದು ಧ್ವನಿವರ್ಧಕದಲ್ಲಿ ನೇರವಾಗಿ ಹೇಳಿದಾಗ ಆರು ನಿಮಿಷದೊಳಗೆ ನಿಲ್ದಾಣ ಖಾಲಿ!

ಈಗ ಮೆತ್ತೆಯ ಮೇಷ್ಟ್ರನ್ನು ನೆನೆಯಿರಿ. ಫಾಗ್ ಸಭಾಂಗಣದಂಥ ಕಡೆ ಇದೇ ಘೋಷಣೆ ಮಾಡಿದ್ದರೆ ಯಾರಿಗೆ ಏನು ತಿಳಿಯುತ್ತಿತ್ತು? ಗಾಜು, ಗ್ರಾನೈಟ್, ಎತ್ತರದ ಚಾವಣಿ ಎಂದು ಮೆರೆಯುವ ನಮ್ಮ ಮಾಲುಗಳಲ್ಲಿ ಮೈಕಿನ ಮಾತು ಬರೀ ಗದ್ದಲವಾಗುವುದು ಕೇವಲ ಕಿರಿಕಿರಿಯಲ್ಲ, ಅದು ಜೀವದ ಪ್ರಶ್ನೆ. ಅನುರಣನವನ್ನು, ಅಂದರೆ ದನಿ ಹೀಗೆ ಉಳಿಯುವ ಹೊತ್ತನ್ನು, ಇಳಿಸಿದರೆ ಎರಡನೆಯ ಗಡಿಯಾರವೂ ಇಳಿಯುತ್ತದೆ.

ಇನ್ನೊಂದು ಸೋಜಿಗ. ಆಸ್ಟ್ರೇಲಿಯಾದ ಡೊರೊತಿ ಬ್ರಕ್ ಮತ್ತು ಇಯಾನ್ ಥಾಮಸ್ ಮಲಗಿದವರನ್ನು ಎಬ್ಬಿಸುವ ದನಿ ಯಾವುದೆಂದು ಹುಡುಕಿದರು. ಸಾಮಾನ್ಯ ಹೊಗೆ ಅಲಾರಂನ 3,100 ಹರ್ಟ್ಸ್‌ನ ಕೀಚಲು ಸೋತಿತು, ಗೆದ್ದದ್ದು 520 ಹರ್ಟ್ಸ್‌ನ ಚೌಕ ತರಂಗ. ಸ್ಯಾಬಿನ್ನರ ಕೊಳವೆಯ ಸ್ವರಕ್ಕೂ ಇದಕ್ಕೂ ಬರೀ ಎಂಟು ಹರ್ಟ್ಸ್ ಅಂತರ! ಕಾಕತಾಳೀಯವೇ ಇರಬಹುದು, ಆದರೂ ನನಗೆ ರೋಮಾಂಚನವಾಯಿತು.

ಹಾಗಾದರೆ ದನಿ ಹೀರುವ ಫೋಮ್ ತಂದು ಎಲ್ಲೆಡೆ ಅಂಟಿಸಿಬಿಡೋಣವೇ? ಇಲ್ಲಿ ಉಸಿರು ಬಿಗಿಹಿಡಿಯಬೇಕು. 2003ರ ಫೆಬ್ರುವರಿ 20ರ ರಾತ್ರಿ. ಅಮೆರಿಕದ ರೋಡ್ ಐಲೆಂಡಿನ ‘ಸ್ಟೇಷನ್’ ಎಂಬ ನೈಟ್‌ಕ್ಲಬ್. ಅಕ್ಕಪಕ್ಕದ ಮನೆಗಳಿಗೆ ಸಂಗೀತದ ಸದ್ದು ಹೋಗದಿರಲೆಂದು ಗೋಡೆಗೆ ಪಾಲಿಯುರೆಥೇನ್ ಫೋಮ್ ಅಂಟಿಸಿದ್ದರು. ವೇದಿಕೆಯ ಬಾಣಬಿರುಸಿನ ಕಿಡಿ ಅದಕ್ಕೆ ತಾಗಿತು. ತೊಂಬತ್ತು ಸೆಕೆಂಡುಗಳಲ್ಲಿ ಒಳಗೆ ಬದುಕುವುದು ಅಸಾಧ್ಯವಾಗಿತ್ತು. ಹೆಚ್ಚಿನವರು ತಾವು ಬಂದ ಮುಂಬಾಗಿಲಿಗೇ ಮುಗಿಬಿದ್ದರು. ನೂರು ಜನ ಸತ್ತರು. ಕಿಕ್ಕಿರಿದ ಜಾಗಗಳ ಸುರಕ್ಷತೆಯ ಬಗ್ಗೆ ಚಿತ್ರೀಕರಿಸಲು ಬಂದಿದ್ದ ಟಿವಿ ಕ್ಯಾಮೆರಾಮನ್ ಒಬ್ಬರು ಅಲ್ಲೇ ಇದ್ದರು, ತನಿಖೆಗೆ ಆ ದೃಶ್ಯಗಳೇ ಆಧಾರವಾದವು. ವೇದಿಕೆಯ ಭಾಗವನ್ನು ಪ್ರಯೋಗಾಲಯದಲ್ಲಿ ಮರಳಿ ಕಟ್ಟಿ ಸುಟ್ಟು ನೋಡಿದಾಗ, ಸ್ಪ್ರಿಂಕ್ಲರ್ ಇದ್ದಿದ್ದರೆ ಬೆಂಕಿ ಹತೋಟಿಗೆ ಬರುತ್ತಿತ್ತೆಂದು ಗೊತ್ತಾಯಿತು. ಹತ್ತು ವರ್ಷಗಳ ನಂತರ ಬ್ರೆಜಿಲ್‌ನ ಸಾಂತಾ ಮರಿಯಾದಲ್ಲಿ ಅದೇ ಬಗೆಯ ಫೋಮ್, ಅದೇ ಬಗೆಯ ಕಿಡಿ. ಸತ್ತವರು 242.

ಫೋಮ್ ದನಿ ಹೀರುವ ಗುಟ್ಟೂ ಬೇಗ ಉರಿಯುವ ಗುಟ್ಟೂ ಒಂದೇ. ಸೂಕ್ಷ್ಮ ರಂಧ್ರಗಳಲ್ಲಿ ಗಾಳಿ ಉಜ್ಜಾಡಿ ದನಿ ಶಾಖವಾಗಿ ಕರಗುತ್ತದೆ. ಆದರೆ ಒಳಗೆಲ್ಲ ಗಾಳಿಯೇ ಇರುವುದರಿಂದ ಬೆಂಕಿಯ ಬಿಸಿ ಆಳಕ್ಕೆ ಇಳಿಯದೆ ಮೇಲ್ಮೈಯಲ್ಲೇ ನಿಂತು ಕ್ಷಣದಲ್ಲಿ ಹೊತ್ತಿಸುತ್ತದೆ.

ರಂಧ್ರ ಬೇಕು, ಉರಿ ಬೇಡ. ಇದಕ್ಕೆ ಸಿಕ್ಕ ಉತ್ತರ ಏನು? ಕಲ್ಲು! ಬಸಾಲ್ಟ್ ಶಿಲೆಯನ್ನು ಸುಮಾರು 1,500 ಡಿಗ್ರಿಯಲ್ಲಿ ಕರಗಿಸಿ, ಜಾತ್ರೆಯ ಬೊಂಬಾಯಿ ಮಿಠಾಯಿಯಂತೆ ಗಿರ್ರನೆ ತಿರುಗಿಸಿ ಎಳೆ ಎಳೆಯಾಗಿಸುತ್ತಾರೆ. ಅದೇ ರಾಕ್‌ವೂಲ್. ದನಿಯನ್ನು ನುಂಗುತ್ತದೆ, ಸಾವಿರ ಡಿಗ್ರಿಯಲ್ಲೂ ಕರಗುವುದಿಲ್ಲ. ಈಗ ವಿಜಯಪುರದತ್ತ ತಿರುಗಿ. 1656ರ ಗೋಳಗುಮ್ಮಟ, ಸಿ.ವಿ. ರಾಮನ್ ಅವರೂ ಅಭ್ಯಾಸ ಮಾಡಿದ ಪಿಸುಮಾತಿನ ಮೊಗಸಾಲೆ, ಎದ್ದು ನಿಂತಿರುವುದು ಇದೇ ಬಸಾಲ್ಟ್‌ನಿಂದ! ಒಂದು ಚಪ್ಪಾಳೆಯನ್ನು ಏಳೆಂಟು ಸಲ ಮರಳಿಸುವ ಕಟ್ಟಡದ ಕಲ್ಲೇ, ಎಳೆಯಾದರೆ ಚಪ್ಪಾಳೆಯನ್ನು ಹೀರಿಬಿಡುತ್ತದೆ.

ಇಷ್ಟಾದ ಮೇಲೂ ಎಲ್ಲವನ್ನೂ ಕೆಡಿಸುವುದು ಒಂದು ತೂತು. ದನಿಯ ಶಕ್ತಿಯಲ್ಲಿ ಲಕ್ಷದ ಒಂದು ಪಾಲನ್ನಷ್ಟೇ ಬಿಡುವ 50 ಡೆಸಿಬೆಲ್‌ನ ಗಟ್ಟಿ ಗೋಡೆಯಲ್ಲಿ ನೂರರಲ್ಲೊಂದು ಭಾಗ ತೆರೆದಿಟ್ಟರೆ, ಉಳಿಯುವುದು 20 ಡೆಸಿಬೆಲ್ ಮಾತ್ರ. ಸಾವಿರ ಪಟ್ಟು ಹೆಚ್ಚು ಸದ್ದು ಒಳಬರುತ್ತದೆ! ಹೊಗೆಗೂ ಅದೇ ದಾರಿ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಕೇಬಲ್‌ಗಳ ಡಕ್ಟ್‌ನಲ್ಲಿ ಹೊತ್ತಿದ ಬೆಂಕಿಯ ಹೊಗೆ ಮಹಡಿ ಮಹಡಿಗೂ ಏರಿತು. ಒಂಬತ್ತು ಜೀವ ಹೋದವು. ಸತ್ತವರ ಮನೆಯವರು, ಬದುಕುಳಿದವರು ಸೇರಿ ‘ಬಿಯಾಂಡ್ ಕಾರ್ಲ್‌ಟನ್’ ಸಂಸ್ಥೆ ಕಟ್ಟಿ ಇವತ್ತಿಗೂ ಅಗ್ನಿ ಸುರಕ್ಷತೆಗಾಗಿ ದುಡಿಯುತ್ತಿದ್ದಾರೆ.

ನಮ್ಮ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಬೆಂಕಿ ನಾಲ್ಕನೆಯ ಭಾಗದಲ್ಲಿದೆ, ದನಿ ಎಂಟನೆಯದರಲ್ಲಿ. ಓದುವವರೂ ಬೇರೆ ಬೇರೆ. ನನ್ನ ಮಟ್ಟಿಗೆ ಇವೆರಡನ್ನೂ ಒಬ್ಬರೇ, ಒಂದೇ ಮೇಜಿನ ಮೇಲೆ ಬಿಡಿಸಿಟ್ಟು ಓದಬೇಕು.

ಅಪಾರ್ಟ್‌ಮೆಂಟಿನಲ್ಲಿರುವವರು ಇವತ್ತೇ ಒಂದು ಕೆಲಸ ಮಾಡಿ. ಎಲೆಕ್ಟ್ರೀಷಿಯನ್ ಜೊತೆಗಿದ್ದಾಗ ನಿಮ್ಮ ಮಹಡಿಯ ಡಕ್ಟ್ ಬಾಗಿಲು ತೆಗೆಸಿ ನೋಡಿ. ಕೆಳಗಿನ ಮಹಡಿಯವರ ಮಾತು ಅಲ್ಲಿ ಕೇಳಿಸುತ್ತಿದ್ದರೆ, ಕೇಬಲ್ ಸುತ್ತಲಿನ ಸಂದುಗಳನ್ನು ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚಿಸುವಂತೆ ಸಂಘದ ಮುಂದಿನ ಸಭೆಯಲ್ಲೇ ಪಟ್ಟು ಹಿಡಿಯಿರಿ.