ಏಳಡಿ ಕಾಲುವೆಯ ಎಪ್ಪತ್ತಡಿ ಮನೆ

ನಮ್ಮ ಸಿಟಿ ಬಸ್ಸೊಂದನ್ನು ಮನಸ್ಸಿಗೆ ತಂದುಕೊಳ್ಳಿ. ಅದರ ಅಗಲದಲ್ಲಿ ಅರ್ಧ ಮೀಟರ್ ಕತ್ತರಿಸಿ. ಉದ್ದವನ್ನು ಒಂದೂಮುಕ್ಕಾಲು ಪಟ್ಟು ಎಳೆಯಿರಿ. ಸೀಟು ಕಿತ್ತು ಮಂಚ, ಅಡುಗೆಕಟ್ಟೆ, ಬಚ್ಚಲು, ಕಲ್ಲಿದ್ದಲ ಒಲೆ, ಒಂದಿಷ್ಟು ಪುಸ್ತಕ ಜೋಡಿಸಿ. ಕೊನೆಗೆ ಚಕ್ರ ಕಳಚಿ ನೀರಿಗೆ ಬಿಡಿ. ಇದು ಇಂಗ್ಲೆಂಡಿನ ನ್ಯಾರೋಬೋಟ್. ಒಬ್ಬರು ಬಚ್ಚಲಿಗೆ ಹೊರಟರೆ ಇನ್ನೊಬ್ಬರು ಗೋಡೆಗೆ ಒತ್ತಿ ನಿಂತು ದಾರಿ ಕೊಡಬೇಕು. ಅಂಥದ್ದರಲ್ಲಿ ಸಾವಿರಾರು ಜನ ವರ್ಷವಿಡೀ ಸಂಸಾರ ನಡೆಸುತ್ತಾರೆ.

ಉದ್ದ ಎಷ್ಟಿರಬೇಕೆಂಬುದು ಅವರವರ ದುಡ್ಡಿಗೆ ಬಿಟ್ಟದ್ದು. 30 ಅಡಿಯವೂ ಇವೆ, 70 ಅಡಿಯವೂ ಇವೆ. ಅಗಲದಲ್ಲಿ ಮಾತ್ರ ಚೌಕಾಶಿ ಇಲ್ಲ: 6 ಅಡಿ 10 ಇಂಚು. ಒಂದು ಗೇಣು ಹೆಚ್ಚಾದರೂ ದೇಶದ ನಡುಭಾಗದ ಕಾಲುವೆಗಳೊಳಗೆ ಅದು ಹೋಗುವುದಿಲ್ಲ.

ಈ ಅಳತೆ ಗೊತ್ತುಮಾಡಿದವನು ಜೇಮ್ಸ್ ಬ್ರಿಂಡ್ಲಿ. ಗಿರಣಿ ಕಟ್ಟುವುದು, ಕೆಟ್ಟ ಗಿರಣಿ ರಿಪೇರಿ ಮಾಡುವುದು ಅವನ ಕಸುಬು. ಓದುಬರಹ ಅಷ್ಟಕ್ಕಷ್ಟೇ. ಬಿಡಿಸಲಾಗದ ಸಮಸ್ಯೆ ಬಂದರೆ ಹಾಸಿಗೆಯಲ್ಲಿ ಮಲಗಿಬಿಡುತ್ತಿದ್ದನಂತೆ. ಲೆಕ್ಕವೆಲ್ಲ ತಲೆಯೊಳಗೇ ಮುಗಿದ ಮೇಲೆ ಎದ್ದು ಬರುತ್ತಿದ್ದ. ಗಣಿಯಿಂದ ಮ್ಯಾಂಚೆಸ್ಟರಿನ ಕಡೆಗೆ ಕಲ್ಲಿದ್ದಲು ಸಾಗಿಸಲು ಅವನು ಕಟ್ಟಿದ ಬ್ರಿಜ್‌ವಾಟರ್ ಕಾಲುವೆಯಲ್ಲಿ 1761ರಲ್ಲಿ ದೋಣಿ ಸಂಚಾರ ಶುರುವಾಯಿತು. ಬೆನ್ನ ಮೇಲೆ ಹೇರಿದರೆ ಒಂದು ಕುದುರೆ ಒಂದೂಕಾಲು ಕ್ವಿಂಟಾಲ್ ಹೊರುತ್ತದೆ. ಒಳ್ಳೆಯ ರಸ್ತೆಯಲ್ಲಿ ಗಾಡಿ ಕಟ್ಟಿದರೆ ಒಂದು ಟನ್ ಎಳೆಯುತ್ತದೆ. ಅದೇ ಕುದುರೆ ದಂಡೆಯ ಮೇಲೆ ನಡೆಯುತ್ತ ಹಗ್ಗದಿಂದ ದೋಣಿ ಎಳೆದರೆ 25 ಟನ್! ಜೇಡಿಪಾತ್ರೆ ತಯಾರಿಸುತ್ತಿದ್ದ ಜೋಸಾಯಾ ವೆಜ್‌ವುಡ್ ಇದನ್ನು ನೋಡಿ ಸುಮ್ಮನಿರುವುದುಂಟೆ? ಗುಂಡಿಬಿದ್ದ ರಸ್ತೆಯಲ್ಲಿ ಅವನ ಸರಕು ಒಡೆಯುತ್ತಿತ್ತು. 1766ರಲ್ಲಿ ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಜೋಡಿಸುವ ಕಾಲುವೆಗೆ ಮೊದಲ ಗುದ್ದಲಿ ಹಾಕಿದವನೇ ಅವನು.

ಆ ದಾರಿಗೆ ಹೇರ್‌ಕಾಸಲ್ ಎಂಬ ಗುಡ್ಡ ಅಡ್ಡ ಬಂತು. ಅದರೊಳಗೆ ಸುರಂಗ ಕೊರೆಯಬೇಕು. ಅಗಲ ಹೆಚ್ಚಿದಷ್ಟೂ ಖರ್ಚು. ಗುಡ್ಡದ ನೆತ್ತಿಯಲ್ಲಿ ನೀರೂ ಕಡಿಮೆ. ಬ್ರಿಂಡ್ಲಿ ಕಾಲುವೆಯ ಲಾಕ್‌ಗಳಿಗೆ ಸುಮಾರು 7 ಅಡಿ ಅಗಲ ಸಾಕೆಂದ. ನೆರೆಹೊರೆಯ ಕಾಲುವೆಗಳೂ ಅದೇ ಅಳತೆ ಹಿಡಿದವು.

ಲಾಕ್ ಎಂದರೆ ನೀರಿನ ಮೆಟ್ಟಿಲು. ಎರಡೂ ತುದಿಗೆ ಮರದ ಕದವಿರುವ ಕಲ್ಲಿನ ತೊಟ್ಟಿ. ಕೆಳಗಿನಿಂದ ಬಂದ ದೋಣಿ ತೊಟ್ಟಿಯೊಳಗೆ ಹೋಗುತ್ತದೆ, ಹಿಂದಿನ ಕದ ಮುಚ್ಚುತ್ತಾರೆ, ಮೇಲಿನ ತೂಬು ಎತ್ತುತ್ತಾರೆ. ನೀರು ತುಂಬಿದ ಹಾಗೆ 15 ಟನ್ನಿನ ಮನೆ ಒಲೆಯ ಮೇಲಿನ ಚಹಾ ಸಮೇತ ಎರಡು ಮೀಟರ್ ಮೇಲೇರುತ್ತದೆ. ಪಂಪಿಲ್ಲ, ಕರೆಂಟಿಲ್ಲ; ತೂಬು ಎತ್ತಲು ಕೈಯಲ್ಲೊಂದು ತಿರುಗಿಸುವ ಕಬ್ಬಿಣದ ಹಿಡಿ, ಅಷ್ಟೆ. ಕೆಳಗಿನ ಜೋಡಿ ಕದ ನೇರ ಮುಚ್ಚುವುದಿಲ್ಲ; ಮೇಲುನೀರಿಗೆ ಮೂಗು ಚಾಚಿದಂತೆ ಕೋನವಾಗಿ ಕೂಡುತ್ತದೆ. ನೀರು ಒತ್ತಿದಷ್ಟೂ ಕದ ಬಿಗಿಯುತ್ತದೆ, ಬೀಗ ಬೇಡ. ಒತ್ತಡ ಹಲವು ಟನ್ನುಗಳದ್ದು. ನೀರು ಎರಡೂ ಕಡೆ ಸಮ ಆಗುವವರೆಗೆ ಅವಸರದ ಹೊಸಬರು ಎಷ್ಟು ತಿಣುಕಿದರೂ ಅದು ಅಲುಗದು. ಸಮವಾದ ಕ್ಷಣಕ್ಕೆ ಬೆನ್ನು ಕೊಟ್ಟು ತಳ್ಳಿದರೆ ಮಕ್ಕಳಿಗೂ ಬಗ್ಗುತ್ತದೆ. ಈ ಉಪಾಯ ನಮಗೆ ತೀರಾ ಪರದೇಶದ್ದೇನಲ್ಲ. ತುಂಗಭದ್ರೆಯ ಸುಂಕೇಸುಲದಿಂದ ಹೊರಡುವ ಕರ್ನೂಲು-ಕಡಪ ಕಾಲುವೆಯನ್ನು 19ನೇ ಶತಮಾನದಲ್ಲಿ ನೀರಾವರಿಯ ಜೊತೆಗೆ ದೋಣಿ ಸಂಚಾರಕ್ಕೂ ಎಂದೇ ಕಟ್ಟಿದ್ದರು.

ಇಳಿಯುವಾಗ ಮಾತ್ರ ಜೋಪಾನ. ಮೇಲಿನ ಕದದ ಬುಡದಲ್ಲಿ ಕಲ್ಲಿನ ಹೊಸ್ತಿಲೊಂದಿದೆ, ತೊಟ್ಟಿ ತುಂಬಿದ್ದಾಗ ಕಾಣುವುದಿಲ್ಲ. ದೋಣಿಯ ಹಿಂಭಾಗ ಅದರ ಮೇಲೆ ಕೂತಿರುವಾಗಲೇ ನೀರು ಇಳಿದರೆ ಮೂತಿ ಕೆಳಗೆ, ಬಾಲ ಮೇಲೆ. ಮುಳುಗಲು ನಿಮಿಷಗಳು ಸಾಕು. ಅದಕ್ಕೇ ಗೋಡೆಯ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ: ಇದರ ಹಿಂದೆ ಬರಬೇಡ ಎಂದು.

ಒಂದು ದೋಣಿ ಒಂದು ಲಾಕ್ ದಾಟಿದರೆ ಸುಮಾರು ಒಂದು ಲಕ್ಷ ಲೀಟರ್ ನೀರು ಕೆಳಗಿಳಿಯುತ್ತದೆ. ಇಲ್ಲೊಂದು ಸೊಗಸಾದ ಲೆಕ್ಕವಿದೆ. ಏರುವ ದೋಣಿ ತೊಟ್ಟಿಯಿಂದ ಮೇಲಿನ ಕಾಲುವೆಗೆ ಸರಿದಾಗ, ಅದು ಬಿಟ್ಟ ಜಾಗಕ್ಕೆ ಅದರ ತೂಕದಷ್ಟೇ ನೀರು ಮೇಲಿನಿಂದ ನುಗ್ಗುತ್ತದೆ. ಹಾಗಾಗಿ ಏರುವವನ ಖರ್ಚು ತೊಟ್ಟಿಯ ಅಳತೆಗಿಂತ 15 ಟನ್ ಜಾಸ್ತಿ, ಇಳಿಯುವವನದು ಅಷ್ಟೇ ಕಡಿಮೆ. ಏನೇ ಆದರೂ ನೆತ್ತಿಯ ನೀರು ಬರಿದಾಗುತ್ತಲೇ ಇರುತ್ತದೆ. ಅದನ್ನು ತುಂಬಲು ಗುಡ್ಡಗಳ ನಡುವೆ ಕೆರೆ ಕಟ್ಟಿದರು. ಸ್ಟ್ಯಾಫರ್ಡ್‌ಶೈರಿನ ಅಂಥ ಒಂದು ಕೆರೆಯ ದಡದಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಭೇಟಿಯಾದರು, ಮದುವೆಯಾದರು, ಮುಂಬಯಿಗೆ ಹೊರಟರು. 1865ರಲ್ಲಿ ಅಲ್ಲಿ ಹುಟ್ಟಿದ ಮಗನಿಗೆ ಕೆರೆಯ ಹೆಸರನ್ನೇ ಇಟ್ಟರು. ಕೆರೆಯ ಹೆಸರು ರಡ್ಯಾರ್ಡ್. ಮಗ ರಡ್ಯಾರ್ಡ್ ಕಿಪ್ಲಿಂಗ್.

ಇಷ್ಟು ಕಷ್ಟಪಟ್ಟು ತಂದ ನೀರು ಮಣ್ಣಿಗೆ ಇಂಗಬಾರದಲ್ಲ. ಕಾಲುವೆಯ ತಳಕ್ಕೂ ಬದಿಗೂ ಜೇಡಿಮಣ್ಣನ್ನು ನೀರು ಹಾಕಿ ತುಳಿತುಳಿದು ಹದ ಮಾಡಿ ಮೆತ್ತಿದರು. ಸಿಮೆಂಟ್ ಇಲ್ಲದ ಕಾಲದ ಆ ಮೆತ್ತೆ ಇಂದಿಗೂ ನೀರು ಹಿಡಿದಿದೆ. ಆದರೆ ಅದಕ್ಕೆ ಒಂದು ಶತ್ರು: ಅಲೆ.

ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ. ಚುರುಕು ನಡಿಗೆಯವರು ದಂಡೆಯ ಮೇಲೆ ಇದರ ಜೊತೆಗೇ ಹೋಗಬಹುದು. ಮಿತಿ ಬರೀ ಕಾನೂನಿನದು ಎಂದುಕೊಂಡವರು ಆಕ್ಸಿಲರೇಟರ್ ಜಗ್ಗಿ ನೋಡಲಿ. ಎಂಜಿನ್ ಅಬ್ಬರಿಸುತ್ತದೆ, ದೋಣಿ ಮಾತ್ರ ಅಷ್ಟರಲ್ಲೇ ಇರುತ್ತದೆ. ಮುಂದೆ ತಳ್ಳಿದ ನೀರು ಹಿಂದಕ್ಕೆ ಬರಬೇಕಾದರೆ ದೋಣಿಗೂ ಕಾಲುವೆಗೂ ನಡುವಿನ ಕಿರಿದಾದ ಸಂದಿಯಲ್ಲೇ ಬರಬೇಕು. ಸಂದಿಯಲ್ಲಿ ನೀರು ಜೋರಾಗಿ ಹರಿದಂತೆ ಅಲ್ಲಿಯ ಮಟ್ಟ ಇಳಿಯುತ್ತದೆ, ದೋಣಿಯ ಹಿಂಭಾಗ ಕೆಸರಿನ ಕಡೆಗೆ ಕುಸಿಯುತ್ತದೆ. ಡೀಸೆಲ್ಲೆಲ್ಲ ಅಲೆಯಾಗಿ ದಂಡೆಯನ್ನು ಕೊರೆಯುತ್ತದೆ. ನೀರಿನ ಆಳ ಕಡಿಮೆಯಾದಲ್ಲಿ ವೇಗ ಬೇಕಿದ್ದರೆ ಎಂಜಿನ್ ನಿಧಾನ ಮಾಡಬೇಕು. ಹೊಸಬರು ಇದನ್ನು ನಂಬುವುದೇ ಇಲ್ಲ.

ದೋಣಿಯ ಈ ಅಲೆ ವಿಜ್ಞಾನದ ಚರಿತ್ರೆಯಲ್ಲೂ ಒಮ್ಮೆ ಸದ್ದು ಮಾಡಿದೆ. 1834ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೊ ಬಳಿ ಯೂನಿಯನ್ ಕಾಲುವೆಯಲ್ಲಿ ಜೋಡಿ ಕುದುರೆ ದೋಣಿಯೊಂದನ್ನು ಎಳೆಯುತ್ತಿದ್ದವು. ಜಾನ್ ಸ್ಕಾಟ್ ರಸೆಲ್ ಎಂಬ ಎಂಜಿನಿಯರ್ ನೋಡುತ್ತಿದ್ದ. ದೋಣಿ ಗಕ್ಕನೆ ನಿಂತಿತು. ಅದು ಎಬ್ಬಿಸಿದ್ದ ನೀರು ನಿಲ್ಲಲಿಲ್ಲ. ಮೂತಿಯ ಬಳಿ ಕುದಿದು, ಒಂದೇ ಒಂದು ದುಂಡನೆಯ ದಿಬ್ಬವಾಗಿ ಮುಂದೆ ಉರುಳಿತು. ಮೂವತ್ತು ಅಡಿ ಉದ್ದ, ಒಂದು ಒಂದೂವರೆ ಅಡಿ ಎತ್ತರ. ರಸೆಲ್ ಕುದುರೆ ಏರಿ ಬೆನ್ನಟ್ಟಿದ. ಗಂಟೆಗೆ ಎಂಟೊಂಬತ್ತು ಮೈಲಿ ವೇಗದಲ್ಲಿ ಅದು ಆಕಾರ ಕೆಡದೆ ಒಂದೆರಡು ಮೈಲಿ ಓಡಿ, ಕಾಲುವೆಯ ತಿರುವುಗಳಲ್ಲಿ ಕಣ್ಮರೆಯಾಯಿತು. ಕೆರೆಗೆ ಕಲ್ಲೆಸೆದರೆ ಏಳುವ ಅಲೆ ಚದುರಿ ಸಾಯುತ್ತದೆ, ಇದೇಕೆ ಸಾಯಲಿಲ್ಲ? ಕಾಲುವೆಯಂಥ ಆಳವಿಲ್ಲದ ನೀರಿನಲ್ಲಿ ಅಲೆಯ ಎತ್ತರದ ಭಾಗ ತಗ್ಗಿನ ಭಾಗಕ್ಕಿಂತ ಬೇಗ ಓಡಿ ಅಲೆಯನ್ನು ಕಡಿದಾಗಿಸಲು ನೋಡುತ್ತದೆ. ಚದುರುವ ಗುಣ ಅದನ್ನು ಹರಡಲು ನೋಡುತ್ತದೆ. ಎರಡೂ ಸರಿಸಮವಾದರೆ ಅಲೆ ಹಾಗೇ ಉಳಿಯುತ್ತದೆ. ರಸೆಲ್ ಹೇಳಿದ್ದನ್ನು ಅವನ ಕಾಲದ ಘಟಾನುಘಟಿಗಳು ಅನುಮಾನಿಸಿದರು. ಸಮೀಕರಣ ಸಿಕ್ಕಿದ್ದು 1895ರಲ್ಲಿ, 'ಸಾಲಿಟಾನ್' ಎಂಬ ಹೆಸರು 1965ರಲ್ಲಿ. ಬೆಳಕಿನ ಮಿಡಿತಗಳೂ ಆಪ್ಟಿಕಲ್ ಫೈಬರಿನಲ್ಲಿ ಹೀಗೇ ಚದುರದೆ ಓಡಬಲ್ಲವೆಂದು ಆಮೇಲೆ ತಿಳಿಯಿತು.

ಇನ್ನು ದೋಣಿಯ ಒಡಲಿಗೆ ಬರೋಣ. ಈಗಿನವು ಉಕ್ಕಿನವು: ತಳ ಸಾಮಾನ್ಯವಾಗಿ 10 ಮಿ.ಮೀ., ಬದಿ 6, ಮೇಲಿನ ಮನೆ 4. ಡೀಸೆಲ್ ಎಂಜಿನ್ನಿಗೆ ಕಾರಿನಂತೆ ರೇಡಿಯೇಟರ್ ಇರುವುದಿಲ್ಲ. ಹೊಟ್ಟೆಯ ಒಳಗೋಡೆಗೆ ಒಂದು ಚಪ್ಪಟೆ ತೊಟ್ಟಿ ಬೆಸೆದು, ಎಂಜಿನ್ನಿನ ಬಿಸಿನೀರನ್ನು ಅದರೊಳಗೆ ಸುತ್ತಿಸುತ್ತಾರೆ; ಆಚೆ ಬದಿಯ ಕಾಲುವೆ ಉಕ್ಕಿನ ಮೂಲಕ ಅದನ್ನು ತಣಿಸುತ್ತದೆ. ಅಗಲ ಕೊಟ್ಟದ್ದು ಕಾಲುವೆ, ವೇಗ ಕೊಟ್ಟದ್ದು ಕಾಲುವೆ, ತಂಪು ಕೊಡುವುದೂ ಕಾಲುವೆ. ನನ್ನ ಮಟ್ಟಿಗೆ ಯಂತ್ರವೆಂದರೆ ಇಡೀ ಕಾಲುವೆ. ದೋಣಿ ಅದರೊಳಗಿನ ಚಲಿಸುವ ಬಿಡಿಭಾಗ.

ಆ ಬಿಡಿಭಾಗವನ್ನು ತಿನ್ನುವುದೂ ಕಾಲುವೆಯೇ. ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿಲ್ಲದ ಕಟ್ಟೆಗೆ ತಂದು, ಪಾಚಿ ಚಿಪ್ಪು ಕೆರೆದು, ಹೊಟ್ಟೆಗೆ ಡಾಂಬರಿನ ಬಣ್ಣ ಬಳಿಯಬೇಕು. ಮೂರು ದಿನ ಮೈಕೈಯೆಲ್ಲ ಕಪ್ಪು. ಎಲ್ಲಾದರೂ ಬಣ್ಣ ಕಿತ್ತುಬಂದರೆ? ಅದಕ್ಕೆಂದೇ ಹೊಟ್ಟೆಗೆ ಅಲ್ಲಲ್ಲಿ ಮೆಗ್ನೀಸಿಯಂ ಗಟ್ಟಿಗಳನ್ನು ಬೆಸೆದಿರುತ್ತಾರೆ. ನೀರಿನಲ್ಲಿ ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡರೆ ಅದೊಂದು ಬ್ಯಾಟರಿಯೇ. ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವ ಮೆಗ್ನೀಸಿಯಂ ತಾನು ಕರಗಿ ಉಕ್ಕನ್ನು ಉಳಿಸುತ್ತದೆ. ಸಮುದ್ರದ ಹಡಗಿಗೆ ಸತು ಸಾಕು; ಉಪ್ಪಿಲ್ಲದ ಕಾಲುವೆಯ ನೀರಿನಲ್ಲಿ ವಿದ್ಯುತ್ ಕಷ್ಟದಿಂದ ಹರಿಯುವುದರಿಂದ ಇನ್ನೂ ಚುರುಕಾದ ಮೆಗ್ನೀಸಿಯಮ್ಮೇ ಬೇಕು. ದಡದ ಕರೆಂಟಿಗೆ ಪ್ಲಗ್ ಹಾಕಿದಿರೋ, ಇನ್ನೊಂದು ತಾಪತ್ರಯ. ಅರ್ಥಿಂಗ್ ತಂತಿಯ ಮೂಲಕ ಸಾಲಿನ ದೋಣಿಗಳೆಲ್ಲ ಒಂದಕ್ಕೊಂದು ಜೋಡಣೆಯಾಗಿ, ಪಕ್ಕದ ದೋಣಿಯ ತುಕ್ಕಿಗೆ ನಿಮ್ಮ ಮೆಗ್ನೀಸಿಯಂ ಕರಗತೊಡಗುತ್ತದೆ. ಈ ಪರೋಪಕಾರ ತಪ್ಪಿಸಲು ತಂತಿಯ ನಡುವೆ ಡಯೋಡ್‌ಗಳ ಪೆಟ್ಟಿಗೆ ಇಡುತ್ತಾರೆ. ಅದು ಸಣ್ಣ ವೋಲ್ಟೇಜನ್ನು ತಡೆಯುತ್ತದೆ, ನಿಜವಾದ ಶಾಕ್‌ನ ಕರೆಂಟನ್ನು ಮಾತ್ರ ಭೂಮಿಗೆ ಬಿಡುತ್ತದೆ.

ಹಳೆಯ ದೋಣಿ ಕೊಳ್ಳುವವರು ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಾರೆ. ಗರ್ಭಿಣಿಯರಿಗೆ ಮಾಡುವುದೂ ಇದೇ ಅಲ್ಟ್ರಾಸೌಂಡ್. ಹೊರಗಿನಿಂದ ಕಳಿಸಿದ ಶಬ್ದ 6 ಮಿ.ಮೀ. ಉಕ್ಕಿನ ಒಳಮೈಗೆ ಬಡಿದು ಮರಳಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲು ಸಾಕು. ಇನ್ನೂ ಬೇಗ ಬಂತೆಂದರೆ ಅಲ್ಲಿ ಉಕ್ಕು ಸವೆದಿದೆ ಎಂದರ್ಥ.

ದಿನದ ಕೆಲಸ ಬೇರೆ. ಪ್ರೊಪೆಲರಿನ ದಂಡ ದೋಣಿಯ ಹೊಟ್ಟೆಯನ್ನು ತೂರಿ ಹೊರಗೆ ಹೋಗುವಲ್ಲಿ ಒಂದು ತೂತು ಇರಲೇಬೇಕಲ್ಲ. ಅಲ್ಲಿ ಗ್ರೀಸು ಹಚ್ಚಿದ ಹುರಿ ಸುತ್ತಿ ಬಿಗಿದಿರುತ್ತಾರೆ. ಸಂಜೆ ದೋಣಿ ಕಟ್ಟಿದ ಮೇಲೆ ಗ್ರೀಸಿನ ಹಿಡಿಯನ್ನು ಕೈಗೆ ಬಿಗಿ ಸಿಗುವ ತನಕ ಒಂದೆರಡು ಸುತ್ತು ತಿರುಗಿಸಬೇಕು. ಮರೆತರೆ ರಾತ್ರಿಯಿಡೀ ತೊಟತೊಟ. ಪ್ರೊಪೆಲರಿಗೆ ಪ್ಲಾಸ್ಟಿಕ್ ಚೀಲ, ಹಗ್ಗ, ಹಳೆಯ ಬಟ್ಟೆ ಸುತ್ತಿಕೊಂಡರೆ ಬಿಡಿಸಲು ಅದರ ನೇರ ಮೇಲೆ ಮುಚ್ಚಳದ ಕಿಂಡಿಯಿದೆ. ಎಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿ, ತಣ್ಣಗಿನ ನೀರಿನಲ್ಲಿ ಮೊಣಕೈವರೆಗೆ ಕೈಯಿಟ್ಟು ತಡಕಾಡಬೇಕು. ಮುಚ್ಚಳ ಸರಿಯಾಗಿ ಬಿಗಿಯದೆ ಹೊರಟರೆ ಪ್ರೊಪೆಲರೇ ಕಾಲುವೆಯನ್ನು ಒಳಗೆ ಎರಚಿ ದೋಣಿಯನ್ನು ಮುಳುಗಿಸುತ್ತದೆ.

ಅಡುಗೆ ಅನಿಲದ ಸಿಲಿಂಡರ್ ಒಳಗಿಡುವಂತಿಲ್ಲ. ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ನೀರಿನಂತೆ ನಿಂತು ಒಂದು ಕಿಡಿಗೆ ಕಾಯುತ್ತದೆ. ಆದ್ದರಿಂದ ಅದಕ್ಕೆ ಬೇರೆಯೇ ಗೂಡು. ಸೋರಿದ್ದು ಹೊರಗೆ ಬೀಳಲು ಗೂಡಿನ ಬುಡದಲ್ಲಿ ತೂತು. ಚಳಿಗಾಲದಲ್ಲಿ ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗಿದರೆ ಸೋಲಾರ್ ಫಲಕ ಅಲಂಕಾರಕ್ಕೆ ಮಾತ್ರ. ಬ್ಯಾಟರಿ ತುಂಬಲು ಎಂಜಿನ್ ಓಡಿಸಬೇಕು. ಒಲೆಯ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹಾಗಾಗಿ ಅದರ ಅಲಾರಂ ಇಲ್ಲದೆ ಮಲಗುವುದು ಹುಚ್ಚುತನ. ಶೌಚದ ವಿಷಯ ಕೇಳದೆ ನೀವು ಬಿಡುವುದಿಲ್ಲ: ಕಾಲುವೆಗೆ ಬಿಡುವಂತಿಲ್ಲ. ಡಬ್ಬಿ ತುಂಬಿದ ಮೇಲೆ ದಡದ ಗೊತ್ತಾದ ಜಾಗಕ್ಕೆ ಹೊತ್ತು ಸುರಿಯಬೇಕು. ಕಾಯಂ ತಾಣವಿಲ್ಲದವರು 1995ರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಒಂದೆಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತೆಯೂ ಇಲ್ಲ.

ಹಿಂದೆ ಈ ದೋಣಿಗಳಲ್ಲಿ ಸರಕೇ ಮುಖ್ಯ. ಹಿಂಬದಿಯ ಹತ್ತಡಿ ಗೂಡಿನಲ್ಲಿ ಇಡೀ ಕುಟುಂಬ. ರೈಲು ಬಂತು, ಲಾರಿ ಬಂತು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದಾಗ ಉಳಿದಿದ್ದ ಸರಕು ಸಾಗಣೆಯೂ ಹೆಚ್ಚುಕಡಿಮೆ ಮುಗಿಯಿತು. ಅಷ್ಟರೊಳಗೆ ಎಲ್.ಟಿ.ಸಿ. ರೋಲ್ಟ್ ಎಂಬ ಎಂಜಿನಿಯರ್ ತನ್ನ ದೋಣಿವಾಸದ ಬಗ್ಗೆ 1944ರಲ್ಲಿ ಪುಸ್ತಕ ಬರೆದು, ಎರಡು ವರ್ಷದ ಮೇಲೆ ಗೆಳೆಯರೊಂದಿಗೆ ಕಾಲುವೆ ಉಳಿಸುವ ಸಂಘ ಕಟ್ಟಿದ್ದ. ಇಂದು ಸುಮಾರು 2,000 ಮೈಲಿ ಜಲಮಾರ್ಗವನ್ನು ಒಂದು ದತ್ತಿಸಂಸ್ಥೆ ನೋಡಿಕೊಳ್ಳುತ್ತಿದೆ. ಸುಮಾರು 25 ವರ್ಷ ಬಾಳುವ ಲಾಕ್‌ನ ಓಕ್ ಕದಗಳನ್ನು ಈಗಲೂ ಬಡಗಿಗಳು ಒಂದೊಂದಾಗಿ ಅಳತೆ ನೋಡಿಯೇ ಮಾಡುತ್ತಾರೆ.

ಏಳಡಿಯ ಅಳತೆಗೆ ಕಾರಣವಾದ ಹೇರ್‌ಕಾಸಲ್ ಸುರಂಗ ಮುಗಿದದ್ದು 1777ರಲ್ಲಿ, ಬ್ರಿಂಡ್ಲಿ ಸತ್ತ ಐದು ವರ್ಷದ ಮೇಲೆ. 2.6 ಕಿ.ಮೀ. ಉದ್ದ, ಒಳಗೆ ಕುದುರೆಗೆ ದಾರಿಯಿಲ್ಲ. ಆಳುಗಳು ದೋಣಿಯ ಮೇಲೆ ಅಂಗಾತ ಮಲಗಿ ಸುರಂಗದ ಗೋಡೆಯನ್ನು ಕಾಲಿನಿಂದ ಒದೆಯುತ್ತ ಸಾಗಿಸಬೇಕಿತ್ತು. 1827ರಲ್ಲಿ ಥಾಮಸ್ ಟೆಲ್‌ಫರ್ಡ್ ಪಕ್ಕದಲ್ಲೇ ಇನ್ನೊಂದು ಕೊರೆಸಿದ. ಈಗ ದೋಣಿ ಹೋಗುವುದು ಅದರಲ್ಲೇ. ಬ್ರಿಂಡ್ಲಿಯ ಸುರಂಗ ಕುಸಿದು ಮುಚ್ಚಿ ನೂರು ವರ್ಷವಾಯಿತು. ಗುಡ್ಡದ ಕಬ್ಬಿಣದ ಅದಿರು ಬೆರೆತ ನೀರಿನಿಂದ ಅಲ್ಲಿಯ ಕಾಲುವೆ ಇವತ್ತಿಗೂ ಕಿತ್ತಳೆ ಬಣ್ಣ. ಆ ಕಿತ್ತಳೆ ನೀರಿನಲ್ಲಿ ತೇಲುವ, ಈ ವರ್ಷವಷ್ಟೇ ಕಟ್ಟಿದ ಹೊಚ್ಚಹೊಸ ನ್ಯಾರೋಬೋಟಿನ ಅಗಲವೂ 6 ಅಡಿ 10 ಇಂಚು.