ಆಕರ ಸೂಚಿ ಬರೆಯುವ ಬಗೆ

ಸಂಶೋಧನ ಪ್ರಬಂಧದ ಕೊನೆಯಲ್ಲಿರುವ ಆಕರ ಸೂಚಿ ಒಂದು ವಿಳಾಸಪಟ್ಟಿ. ಅದರಲ್ಲಿ ಒಂದು ಅಂಕಿ ತಪ್ಪಿದರೂ ಓದುಗ ಮೂಲ ಲೇಖನವನ್ನು ತಲುಪಲಾರ.

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು 1973ರಿಂದ ಹೊರತರುತ್ತಿರುವ ಭೌತವಿಜ್ಞಾನ ಪತ್ರಿಕೆ ‘ಪ್ರಮಾಣ’ದ ಪದ್ಧತಿಯನ್ನು ಗಮನಿಸಿ. ಪಠ್ಯದೊಳಗೆ ಚೌಕ ಕಂಸದಲ್ಲಿ ಕ್ರಮಸಂಖ್ಯೆ. ಕೊನೆಯಲ್ಲಿ ಅದೇ ಸಂಖ್ಯೆಯ ಮುಂದೆ ವಿವರ. ರಾಮನ್ ಪರಿಣಾಮವನ್ನು ಕುರಿತ ಪ್ರಸಿದ್ಧ ಟಿಪ್ಪಣಿಯನ್ನು ಹೀಗೆ ಬರೆಯಬಹುದು:

[1] ಸಿ ವಿ ರಾಮನ್ ಮತ್ತು ಕೆ ಎಸ್ ಕೃಷ್ಣನ್, ನೇಚರ್ 121, 501 (1928)

ಇಲ್ಲಿ 121 ಸಂಪುಟ, 501 ಪುಟ, ಕಂಸದಲ್ಲಿರುವುದು ವರ್ಷ. ಬೇರೆ ಪತ್ರಿಕೆಗಳಲ್ಲಿ ಈ ಕ್ರಮ ಬೇರೆಯಾಗಿರಬಹುದು. ಆದ್ದರಿಂದ ಹಸ್ತಪ್ರತಿ ಕಳುಹಿಸುವ ಮೊದಲು ಆಯಾ ಪತ್ರಿಕೆಯ ಸೂಚನೆಗಳನ್ನು ಓದಬೇಕು.

ನಮ್ಮ ಹೆಸರುಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಅನೇಕ ಸೂಚಿಗಳು ಕೊನೆಯ ಪದವನ್ನು ಕುಲನಾಮವೆಂದು ಎಣಿಸುತ್ತವೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸಿದ ಎಚ್. ನರಸಿಂಹಯ್ಯನವರ ‘ಎಚ್’ ಎಂದರೆ ಅವರ ಊರು ಹೊಸೂರು. ಯಾರಾದರೂ ಅದನ್ನು ಕುಲನಾಮವೆಂದು ತಿಳಿದು ‘ಎನ್. ಹೊಸೂರು’ ಎಂದು ಬರೆದರೆ, ಇಲ್ಲದ ಲೇಖಕನೊಬ್ಬ ಹುಟ್ಟಿಕೊಳ್ಳುತ್ತಾನೆ. ದುಡಿದವರ ಕೆಲಸ ಅವರ ಲೆಕ್ಕಕ್ಕೆ ಸೇರುವುದಿಲ್ಲ. ಮೂಲ ಲೇಖನದಲ್ಲಿರುವಂತೆಯೇ ಹೆಸರನ್ನು ಉಳಿಸಿಕೊಳ್ಳುವುದು ಕ್ಷೇಮ.

ಇತರರ ಪಟ್ಟಿಯಿಂದ ನಕಲು ಮಾಡಿದರೆ ಅವರ ತಪ್ಪುಗಳೂ ಜೊತೆಗೆ ಬರುತ್ತವೆ. ಓದದ ಲೇಖನವನ್ನು ಉಲ್ಲೇಖಿಸುವುದೆಂದರೆ, ಕಾಣದ ಊರಿಗೆ ದಾರಿ ಹೇಳಿದಂತೆ.