ತಾನೇ ಅರಳಿ ಮುದುಡುವ ರದ್ದಿ ಕಾಗದದ ಹೂ

ಪ್ರಶ್ನೆ: ಕರೆಂಟು, ಮೋಟಾರು ಇಲ್ಲದೆ ಚಲಿಸುವ ಅಲಂಕಾರದ ವಸ್ತುವನ್ನು ಮನೆಯ ರದ್ದಿಯಿಂದ ಮಾಡಬಹುದೇ?

ಉತ್ತರ: ಖಂಡಿತ ಮಾಡಬಹುದು. ದಾರಿ ತೋರಿಸುವುದು ಪೈನ್ ಮರದ ಕಾಯಿ. ಉದುರಿ ಒಣಗಿದ ಮೇಲೂ ಅದರ ಎಸಳುಗಳು ತೇವದಲ್ಲಿ ಮುಚ್ಚುತ್ತವೆ, ಒಣಹವೆಯಲ್ಲಿ ತೆರೆಯುತ್ತವೆ. ಎಸಳಿನ ಹೊರಪದರ ನೀರು ಹೀರಿ ಒಳಪದರಕ್ಕಿಂತ ಹೆಚ್ಚು ಹಿಗ್ಗುವುದರಿಂದ ಎಸಳು ಒಳಕ್ಕೆ ಬಾಗುತ್ತದೆ. ಇದೇ ತತ್ತ್ವದಿಂದ ವಾಸ್ತುಶಿಲ್ಪಿ ಆಖಿಮ್ ಮೆಂಗೆಸ್ 2012ರಲ್ಲಿ ಪ್ಯಾರಿಸ್ಸಿನ ಪಾಂಪಿಡು ಕೇಂದ್ರಕ್ಕಾಗಿ ‘ಹೈಗ್ರೋಸ್ಕೋಪ್’ ರಚಿಸಿದರು. ತೆಳು ಮರದ ಹಾಳೆಗಳಿಂದಾದ ಅದು ಗಾಳಿಯ ತೇವಕ್ಕೇ ತೆರೆದು ಮುಚ್ಚುತ್ತದೆ.

ಕಾಗದದಲ್ಲಿರುವುದೂ ಸಸ್ಯದ ನಾರೇ. ತೇವ ತಗುಲಿದರೆ ನಾರು ಉಬ್ಬುತ್ತದೆ, ಉದ್ದವಾಗುವುದು ಅತ್ಯಲ್ಪ. ಹಳೆಯ ದಿನಪತ್ರಿಕೆಯನ್ನು ಹರಿದು ನೋಡಿ. ನೇರವಾಗಿ ಹರಿಯುವ ದಿಕ್ಕೇ ನಾರಿನ ದಿಕ್ಕು. ಅದಕ್ಕೆ ಅಡ್ಡವಾಗಿ ಉದ್ದನೆಯ ಎಸಳುಗಳನ್ನು ಕತ್ತರಿಸಿ. ಒಳಮೈಗೆ ಮಾತ್ರ ಪ್ಲಾಸ್ಟಿಕ್ ಟೇಪ್ ಅಂಟಿಸಿ, ಬುಡಗಳನ್ನು ತಂತಿಗೆ ಕಟ್ಟಿ. ತೇವದಲ್ಲಿ ಕಾಗದ ಹಿಗ್ಗುತ್ತದೆ, ಟೇಪ್ ಹಿಗ್ಗದು, ಹೂ ಮುದುಡುತ್ತದೆ. ಒಣಗಿದಾಗ ಮತ್ತೆ ಬಿಚ್ಚಿಕೊಳ್ಳುತ್ತದೆ. ನುಣುಪು ಲೇಪನದ ಕಾಗದ ಬೇಡ, ಅದು ತೇವವನ್ನು ತಡೆಯುತ್ತದೆ. ಬಚ್ಚಲಮನೆಯ ಬಾಗಿಲ ಬಳಿ ತೂಗುಹಾಕಿದರೆ ಬದಲಾವಣೆ ಚೆನ್ನಾಗಿ ಕಾಣುತ್ತದೆ. ಮಕ್ಕಳ ಕೈಯಲ್ಲೇ ಮಾಡಿಸಿ. ನಿಸರ್ಗದ ಜಾಣ್ಮೆ ಅವರಿಗೆ ಬೆರಳ ತುದಿಯಲ್ಲೇ ಅರ್ಥವಾಗುತ್ತದೆ.